ಹೆಬ್ಬೆರಳಡಿಯ ದಾರ

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ದಾರ ಬಿಳಿಯದಿತ್ತೋ ಹಳದಿಯದೋ, ಆವತ್ತು ಅಪ್ಪ ಪಡಸಾಲೆಯಲ್ಲಿ ನಿಂತಿದ್ದನೋ ಅಂಗಡಿಯ ಹೊಸ್ತಿಲಲ್ಲೋ, ನೆನೆದಾಗಲೆಲ್ಲ ಬೇರೆ ಥರ ಕಾಣುತ್ತದೆ. ದಿನಚರಿ ಬರೆಯುವ ಅಭ್ಯಾಸವಿದ್ದರೂ ಆ ದಿನದ ಬಗ್ಗೆ ಒಂದು ಸಾಲೂ ಬರೆದಿಟ್ಟಿಲ್ಲ. ಬರೆಯುವಂಥದ್ದು ನಡೆದಿದೆ ಅಂತ ಅನ್ನಿಸಿರಲಿಲ್ಲ. ಕಾಲಿನ ಹೆಬ್ಬೆರಳಡಿ ದಾರ ಬಿಗಿಯಾಗಿ ಒತ್ತಿದ್ದು ಮಾತ್ರ ನಿಜ. ಅಷ್ಟನ್ನು ನಂಬುತ್ತೇನೆ.

ಅಪ್ಪ ಸವಣೂರಿನಲ್ಲಿ ಪೂಲ್, ಸ್ನೂಕರ್ ಆಡುವ ಕೋಲು ಮಾಡುತ್ತಿದ್ದ. ಹುಬ್ಬಳ್ಳಿ, ದಾವಣಗೆರೆ, ಬೆಳಗಾವಿ ಕಡೆಯ ಆಟಗಾರರು ಬಸ್ಸಿಳಿದು ‘ಕೋಲಿನವರ ಮನಿ’ ಎಂದರೆ ಸಾಕು, ವೀಳ್ಯದೆಲೆ ಮಾರುವವರು ಕತ್ತು ತಿರುಗಿಸಿ ದಾರಿ ತೋರಿಸುತ್ತಿದ್ದರು. ಅವನ ಕೋಲು ಹಿಡಿದವ ಸೋತರೆ ಕೋಲನ್ನು ಬೈಯುವಂತಿಲ್ಲ, ತನ್ನನ್ನೇ ಬೈದುಕೊಳ್ಳಬೇಕು ಎಂಬ ಮಾತು ಆಟಗಾರರಲ್ಲಿತ್ತು. ಅಪ್ಪ ಮಾತ್ರ ಒಂದು ದಿನವೂ ಆಡಿದವನಲ್ಲ.

ಕೋಲು ಬೇಕೆಂದು ಬಂದವರಿಗೆ ಮೊದಲು ಚಪ್ಪಲಿ ಬಿಡಿಸುತ್ತಿದ್ದ. ದಾರದ ಒಂದು ತುದಿಯನ್ನು ಹೆಬ್ಬೆರಳಿನಿಂದ ತುಳಿದು ನಿಲ್ಲಲು ಹೇಳಿ, ಇನ್ನೊಂದು ತುದಿಯನ್ನು ಹೆಗಲಿನ ತನಕ ಎಳೆದು, ಅಲ್ಲೊಂದು ಗಂಟು ಹಾಕುತ್ತಿದ್ದ. ಆ ದಾರವನ್ನು ಅವರಿಗೆಂದು ಆರಿಸಿದ ಮರಕ್ಕೆ ಕಟ್ಟಿಬಿಡುವುದು. ಹೆಸರು ಬರೆಯುವ ಪದ್ಧತಿಯೇ ಇರಲಿಲ್ಲ. ಯಾಕೆಂದು ಕೇಳಿದರೆ, “ಒಂದ ಹೆಸರಿನವರು ಊರ ತುಂಬ ಇರ್ತಾರ. ಒಂದ ಅಳತಿಯವರು ಇರಂಗಿಲ್ಲ” ಅನ್ನುತ್ತಿದ್ದ.

ಮರವನ್ನು ಒಮ್ಮೆಲೇ ಸಣ್ಣ ಮಾಡುತ್ತಿರಲಿಲ್ಲ. ಲೇತಿಗೆ ಹಾಕಿ ಒಂದಿಷ್ಟು ಕೆತ್ತಿ, ಜಂತಿಗೆ ನೇತುಹಾಕಿ, ತಿಂಗಳುಗಟ್ಟಲೆ ಬಿಡುತ್ತಿದ್ದ. “ಕೊಯ್ದ ಕೂಡ್ಲೆ ಮರಕ್ಕ ಸಿಟ್ಟಿರತೈತಿ. ಇಳೀಲಿ.” ಸಿಟ್ಟು ಇಳಿದ ಮೇಲೆ ಮತ್ತೊಂದಿಷ್ಟು, ಮತ್ತೆ ಜಂತಿಗೆ. ಹೋದ ವರ್ಷ ಅವನು ತೀರಿಕೊಂಡಾಗ ಜಂತಿಯಲ್ಲಿ ಒಂದೇ ಕೋಲು ತೂಗುತ್ತಿತ್ತು. ಮುಂದಿನ ಭಾಗ ಬಿಳಿ ಮರ, ಹಿಡಿಕೆ ಬೀಟೆಯದು. ತುದಿಗೆ ಚರ್ಮ ಅಂಟಿಸಿರಲಿಲ್ಲ. ಹಿಡಿಕೆಯನ್ನು ಅಳತೆಗೆ ಕೊಯ್ಯದೆ ಉದ್ದಕ್ಕೇ ಬಿಟ್ಟಿದ್ದ. ಅದಕ್ಕೊಂದು ದಾರ ಕಟ್ಟಿತ್ತು.

ಆ ದಾರವನ್ನು ಬಿಚ್ಚಿದ್ದು ಅವ್ವ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ಅರಿಶಿಣ ಹತ್ತಿದ್ದರಿಂದ ಅದು ಹರಕೆಯ ದಾರ ಅಂದುಕೊಂಡಳು. ಬೇನೆ ಬಿದ್ದಾಗ ಗಂಡ ಗುಟ್ಟಾಗಿ ಹರಕೆ ಹೊತ್ತಿರಬೇಕು, ತೀರದ ಹರಕೆ ಮನೆಯಲ್ಲಿರಬಾರದು ಅಂತ ಬಂಕಾಪುರದ ದಾರಿಯ ದರ್ಗಾಕ್ಕೆ ಒಯ್ದು ಜಾಲರಿಗೆ ಕಟ್ಟಿ ಬಂದಳು. ನಲವತ್ತು ವರ್ಷ ಅಳತೆಯ ದಾರ ನೋಡಿದವಳು ಅವಳು. ಹೀಗೇಕೆ ಮಾಡಿದಳೆಂದು ಕೇಳಿದರೆ, “ಸಾಯಾವ ಮನಷ್ಯಾ ಅಳತಿ ತಗೋತಾನಂತ ಯಾರಿಗೆ ಗೊತ್ತವಾ” ಅಂದಳು. ನಾವಿಬ್ಬರೂ ಮತ್ತೆ ದರ್ಗಾಕ್ಕೆ ಹೋದೆವು. ಜಾಲರಿಯ ತುಂಬ ದಾರ, ಮಳೆಗೆ ಎಲ್ಲವೂ ಒಂದೇ ಬಣ್ಣವಾಗಿದ್ದವು. ನಾನು ಒಂದನ್ನು ಬಿಡಿಸಿ ನೋಡಲು ಹೋದೆ. ಅವ್ವ ಕೈಗೆ ಬಡಿದಳು.

“ಮಂದಿ ಹರಕಿ ಮುಟ್ಟಬ್ಯಾಡ.”

ಅಷ್ಟರಲ್ಲಿ ಹಿರೇಕೆರೂರಿನಿಂದ ಒಬ್ಬರು ಫೋನ್ ಮಾಡಿದರು. ಅಲ್ಲಿ ಪೂಲ್ ಆಡುವ ಅಂಗಡಿ ಇಟ್ಟವರು, ಅಪ್ಪನ ಹಳೆಯ ಗಿರಾಕಿ. “ಅಕ್ಕಾರ, ‘ಮಳಿಗಾಲ ಮುಗೀಲಿ, ನಿಮ್ಮ ಎರಡನೇ ಕೋಲು ಆಗತೈತಿ’ ಅಂತ ನಿಮ್ಮಪ್ಪಾರು ನನಗ ಅಂದಿದ್ರು. ಅದು ಏನಾತ್ರಿ?”

“ಈ ಸಲ ಅಳತಿ ಕೊಟ್ಟಿದ್ರೇನ್ರಿ?”

“ಕೊಟ್ಟೆನೋ ಇಲ್ಲೋ ನೆನಪಿಲ್ರಿ. ಬಂದಾಗೆಲ್ಲ ಚಪ್ಪಲಿ ಬಿಡಸ್ತಿದ್ರು. ಮಾತಾಡಾಕ ಬಂದ್ರೂ ಬಿಡಸ್ತಿದ್ರು.”

ಕೋಲು ಅವರದೇ ಎಂದು ಒಪ್ಪಿಕೊಂಡಿದ್ದರೆ ಮುಗಿಯುತ್ತಿತ್ತು. ಒಪ್ಪಲಾಗಲಿಲ್ಲ. ಫೋನ್ ಇಟ್ಟ ಮೇಲೆಯೇ ನನಗೆ ಹೆಬ್ಬೆರಳಿನ ದಾರ ನೆನಪಾದದ್ದು. ನೆನಪು ಆ ಗಳಿಗೆಗೇ ಬಂದದ್ದು ನನಗೆ ಇಂದಿಗೂ ಅನುಮಾನ ತರುತ್ತದೆ.

ಧಾರವಾಡದಲ್ಲಿ ಓದುವಾಗ ನಾನು ಹಾಸ್ಟೆಲ್ಲಿನ ಗೆಳತಿಯರ ಜೊತೆ ಪೂಲ್ ಕಲಿತೆ. ಶಿಗ್ಗಾಂವಿಯ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಬಿಡಲಿಲ್ಲ. ಹೆದ್ದಾರಿ ಬದಿಯ ಆಟದ ಅಂಗಡಿಗೆ ಹೋಗುತ್ತೇನೆ. ನನ್ನ ವಿದ್ಯಾರ್ಥಿಗಳು ನನ್ನನ್ನು ಕಂಡು ಮೊದಮೊದಲು ಹಿಂಬಾಗಿಲಿನಿಂದ ಓಡುತ್ತಿದ್ದರು. ಈಗ “ಮೇಡಂ ಬಂದ್ರು, ಸೋಲಾಕ ತಯಾರಾಗ್ರಲೇ” ಅನ್ನುತ್ತಾರೆ. ಇದು ಅಪ್ಪನ ಕಿವಿಗೆ ಬಿದ್ದಿತ್ತು. ಬೈಯುತ್ತಾನೆ ಅಂದುಕೊಂಡಿದ್ದೆ. ಉಣ್ಣುತ್ತ ತಲೆ ಎತ್ತದೆ ಕೇಳಿದ್ದು ಒಂದೇ ಮಾತು: “ಹೆಂಗ ಹಿಡಿತಿ?” ರೊಟ್ಟಿಯ ಕೈಯಲ್ಲೇ ಹಿಡಿದು ತೋರಿಸಿದೆ. ನೋಡಿದ. ಮತ್ತೆ ಉಣ್ಣತೊಡಗಿದ.

ಅದಾದ ಮೇಲೆ ಒಂದು ರಜೆಗೆ ಊರಿಗೆ ಹೋದಾಗ, “ಬಾ ಇಲ್ಲಿ, ತುಳಿ” ಅಂದ. ನಾನು ದಾರದ ತುದಿ ತುಳಿದು ನಿಂತೆ. ದಾರ ನನ್ನೆದುರಿಗೆ ನೆಟ್ಟಗೆ ಮೇಲೇರಿತು. ಅದು ನನ್ನ ಹೆಗಲಿಗೆ ತಾಗಿತೇ? ತಾಗಿತು ಅನ್ನುತ್ತದೆ ಹೆಗಲು. ಆದರೆ ಅಪ್ಪ ದಾರ ಹೊಸೆಯುವಾಗಲೂ ಮನೆಯಲ್ಲಿ ಯಾರು ಸಿಕ್ಕರೆ ಅವರಿಗೆ ಒಂದು ತುದಿ ತುಳಿಯಲು ಹೇಳುತ್ತಿದ್ದ. ಎಷ್ಟೋ ಸಲ ನಾನು ಹಾಗೆ ಬರಿಯ ಗೂಟವಾಗಿ ನಿಂತಿದ್ದೇನೆ. ಇತಿಹಾಸ ಓದುವಾಗ ಕಲಿತಿದ್ದೆ: ಸಾಕ್ಷಿಯಿಂದ ಸಾಕ್ಷಿದಾರನಿಗೇ ಲಾಭವಿದ್ದರೆ ಅದನ್ನು ಎರಡು ಸಲ ನೋಡಬೇಕು. ಇಲ್ಲಿ ಸಾಕ್ಷಿಯೂ ನಾನೇ, ಲಾಭವೂ ನನಗೇ. ಇನ್ನೊಬ್ಬಳು ಸಾಕ್ಷಿ ಇದ್ದಳು. ಅವ್ವ ಆಗ ಅಲ್ಲೇ ಕುಳಿತು ಅಕ್ಕಿ ಆರಿಸುತ್ತಿದ್ದಳು. ಅಥವಾ ಅಕ್ಕಿಯನ್ನು ನಾನು ಆಮೇಲೆ ಸೇರಿಸಿಕೊಂಡೆನೋ.

ಮಳೆಗಾಲ ಮುಗಿಯಿತು. ಕೋಲನ್ನು ಮುಗಿಸಬಲ್ಲವರೆಂದರೆ ಹಾನಗಲ್ಲಿನಲ್ಲಿದ್ದ ಕಾಕಾ ಒಬ್ಬರೇ, ಅಪ್ಪನ ತಮ್ಮ. ಲೇತಿನ ಮೇಲೆ ತೊಟ್ಟಿಲಿನ ಕಾಲು ಮಾಡುವವರು. ಕೋಲನ್ನು ಹಳೆಯ ಧೋತರದಲ್ಲಿ ಸುತ್ತಿಕೊಂಡು ಬಸ್ ಹತ್ತಿದೆ. ಅಡ್ಡ ಮಲಗಿಸಿದರೆ ಎಲ್ಲಿ ಸೊಟ್ಟಾಗುವುದೋ ಎಂಬ ಭಯಕ್ಕೆ ನೆಟ್ಟಗೆ ಹಿಡಿದೇ ಕೂತಿದ್ದೆ. ಕಂಡಕ್ಟರ್ ಬಂದು ಮೇಲಿನಿಂದ ಕೆಳಗಿನ ತನಕ ನೋಡಿದ.

“ಅಕ್ಕಾರ, ನಿಮಗಂತೂ ಪುಕ್ಕಟ. ಇದು ಗಂಡಸೋ ಹೆಂಗಸೋ ಹೇಳಿಬಿಡ್ರಿ, ಟಿಕೀಟ ನೋಡೂಣು.”

ಹಿಂದಿನ ಸೀಟಿನ ಮುದುಕಿ ನನಗಿಂತ ಮೊದಲು ಉತ್ತರ ಕೊಟ್ಟಳು. “ಅರವಿ ಸುತ್ತಿ ಮಡಲಾಗ ಕುಂದ್ರಿಸ್ಕೊಂಡಾಳ, ಕೂಸಿಗೇನ್ ಟಿಕೀಟೋ ನಿಂದು!” ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ಕೈ ಸಡಿಲಿಸಲಿಲ್ಲ.

ಕಾಕಾ ಕೋಲನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಬಹಳ ಹೊತ್ತು ಕೆಳಗಿಡಲಿಲ್ಲ.

“ನೆಟ್ಟಗೈತಿ. ನಾ ಏನ್ ಮಾಡ್ಲವಾ ಇದಕ್ಕ? ನಾ ತೊಟ್ಟಿಲ ಮಾಡಾವ. ಕಾಲು ಸ್ವಲ್ಪ ಸೊಟ್ಟ ಆದ್ರೂ ಕೂಸು ನಿದ್ದಿ ಮಾಡತೈತಿ. ಚೆಂಡು ಹಂಗಲ್ಲ.”

“ನೀವು ಬಿಟ್ರ ಯಾರಿಲ್ಲ ಕಾಕಾ.”

“ಅಂವ ಇದ್ದಾಗ ಒಂದ ದಿನಾ ಮುಟ್ಟಗೊಡಲಿಲ್ಲ. ನಿನ್ನ ಕೈ ಅವಸರದ ಕೈ ಅಂತಿದ್ದ.” ಗೂಡಿನಿಂದ ಒಂದು ದಾರ ತೆಗೆದು ನನ್ನ ಮುಂದೆ ಎಸೆದರು. “ಉದ್ದ ಎಷ್ಟಂತ ತಿಳೀದ ಹಿಡಿಕಿ ಕೊಯ್ಯಾಕ ಬರಂಗಿಲ್ಲ. ಕೊಯ್ದ ಮ್ಯಾಲ ತೂಕಕ್ಕ ಒಳಗ ಸೀಸ ಹಾಕಬೇಕು. ಕೊಯ್ದದ್ದು ಮತ್ತ ಬೆಳಿಯಂಗಿಲ್ಲ. ಯಾರ ಅಳತಿ, ಹೇಳು.”

ಹಿರೇಕೆರೂರಿನವರು ಎತ್ತರದ ಆಳು. ಅವರ ಅಳತೆಗೆ ಇಟ್ಟರೆ ಕೊಯ್ಯುವ ಕೆಲಸವೇ ಹೆಚ್ಚಿಲ್ಲ. ನನ್ನ ಅಳತೆಗಾದರೆ ಒಂದು ಗೇಣಿನಷ್ಟು ಬೀಟೆ ಹೋಗುತ್ತದೆ. ಅವ್ವನಿಗೆ ಫೋನ್ ಮಾಡಿ ಕೇಳಬಹುದಿತ್ತು, ಮಾಡಲಿಲ್ಲ. ಅವಳು ಆ ಗಿರಾಕಿಯ ಹೆಸರು ಹೇಳಿಬಿಟ್ಟರೆ ಎಂದು ಹೆದರಿದೆನೇ? ಇರಬಹುದು. ಕಾಕಾ ಕಾಯುತ್ತಿದ್ದರು. ನಾನು ಚಪ್ಪಲಿ ಬಿಟ್ಟು, ದಾರದ ತುದಿಯನ್ನು ಹೆಬ್ಬೆರಳಿನಿಂದ ತುಳಿದೆ.

ಕಾಕಾ ಹೆಗಲಿನ ಹತ್ತಿರ ಗಂಟು ಹಾಕಿದರು. ಗರಗಸ ತೆಗೆದುಕೊಂಡರು. ಬೀಟೆಯ ತುಂಡು ಸದ್ದು ಮಾಡಿ ನೆಲಕ್ಕೆ ಬಿತ್ತು. ಉಳಿದ ಕೆಲಸವನ್ನು ಕಾಕಾ ಅವಸರವಿಲ್ಲದೆ ಮಾಡಿದರು. ಮೂರು ಸಲ ಹಾನಗಲ್ಲಿಗೆ ಹೋದೆ, ಮೂರು ಸಲವೂ “ಇನ್ನೂ ಸಿಟ್ಟೈತಿ” ಅಂತ ವಾಪಸು ಕಳಿಸಿದರು. ಕೊನೆಗೆ ಚರ್ಮ ಅಂಟಿಸಿ ಕೈಗೆ ಕೊಟ್ಟರು.

ಹಿರೇಕೆರೂರಿಗೆ ನಾನೇ ಒಯ್ದೆ. ತೋರಿಸದೆ ಇಟ್ಟುಕೊಳ್ಳಲು ಮನಸ್ಸು ಒಪ್ಪಲಿಲ್ಲ. ದಾರ ಕಳೆದದ್ದು, ಯಾರ ಅಳತೆಗೆ ಕೊಯ್ಯಿಸಿದೆ ಎಂಬುದು, ಎಲ್ಲ ಹೇಳಿದೆ. ಅವರು ಕೋಲನ್ನು ನೆಲಕ್ಕೂರಿ ನಿಂತರು. ಅದು ಅವರ ಎದೆಯ ತನಕವಷ್ಟೇ ಬಂತು. ಮೇಜಿನ ಮೇಲೆ ಬಗ್ಗಿ ಒಂದು ಚೆಂಡು ಹೊಡೆದರು, ಅದು ಗುಂಡಿಗೆ ಬಿತ್ತು. ಆಮೇಲೆ ನನಗೆ ಕೊಟ್ಟು ಹೊಡೆಯಲು ಹೇಳಿದರು. ನಾನು ಹೊಡೆದದ್ದು ಬೀಳಲಿಲ್ಲ.

“ಬಿದ್ದಿಲ್ಲಂದ್ರೇನಾತ್ರಿ. ಕೈಯಾಗ ಕುಂತೈತಿ. ನಿಮ್ಮದ ಬಿಡ್ರಿ ಅದು.”

“ಖರೇನ ಹೇಳಾಕತ್ತೀರೇನು, ನನ್ನ ಮನಸಿಗಾಗಿ ಅಂತೀರೋ?”

“ಛಾ ಕುಡೀರಿ” ಅಂದರು.

ಅವರು ನಂಬಿ ಹೇಳಿದರೋ, ಸತ್ತವರ ಮಗಳೆಂದು ಮರ್ಯಾದೆಗೆ ಬಿಟ್ಟುಕೊಟ್ಟರೋ ಇಂದಿಗೂ ತಿಳಿದಿಲ್ಲ. ಕೋಲು ಈಗ ಶಿಗ್ಗಾಂವಿಯ ನನ್ನ ಕೋಣೆಯಲ್ಲಿ ನೇತಾಡುತ್ತಿದೆ. ಆಡಲು ಒಯ್ಯುತ್ತೇನೆ, ಕೆಲವು ದಿನ ಅರ್ಧ ದಾರಿಯಿಂದ ತಿರುಗಿ ಬರುತ್ತೇನೆ. ಬಗ್ಗಿ ಗುರಿ ಹಿಡಿದಾಗಲೆಲ್ಲ ಅದು ಹೆಚ್ಚೇ ಸರಿಯಾಗಿದೆ ಅನ್ನಿಸುತ್ತದೆ. ಸರಿಯಾಗದೆ ಏನು, ನನ್ನನ್ನೇ ಅಳೆದು ಕೊಯ್ದದ್ದಲ್ಲವೇ.

ಹೋದ ಭಾನುವಾರ ಸವಣೂರಿಗೆ ಹೋದಾಗ ಕೋಲನ್ನು ಅವ್ವನ ಮುಂದಿಟ್ಟೆ. ಅವಳು ಅದನ್ನು ಸೆರಗಿನಿಂದ ಒರೆಸಿದಳು, ಒಮ್ಮೆಯಲ್ಲ, ತುದಿಯಿಂದ ಹಿಡಿಕೆಯ ತನಕ ಮತ್ತೆ ಮತ್ತೆ. ಆಗ ಕೇಳಿಯೇಬಿಟ್ಟೆ:

“ಅವ್ವಾ, ನೀ ಅಲ್ಲೇ ಕುಂತಿದ್ದಿ. ಆವತ್ತ ಅಪ್ಪ ನನ್ನ ಅಳತಿ ತಗೊಂಡ್ನೋ, ಬರೇ ದಾರ ಹೊಸದ್ನೋ?”