ರಾಣಿಯ ಪಿಸ್ತೂಲು, ರಾಜನ ಪಿಸ್ತೂಲು

ಎಂಬತ್ತು ದಾಟಿದ ಮೇಲೂ ನಮ್ಮಪ್ಪ ಒಂದು ವಿಷಯದಲ್ಲಿ ಯಾರ ಮಾತಿಗೂ ಬಗ್ಗಿದವರಲ್ಲ. ಅದು ಅವರ ಪಿಸ್ತೂಲು. ತಾತ ಎರಡನೇ ಮಹಾಯುದ್ಧದಲ್ಲಿ ಇಟಲಿಗೆ ಹೋದವರು. ಅಲ್ಲಿ ಸೆರೆಸಿಕ್ಕ ಯಾರೋ ಜರ್ಮನ್ ಸೈನಿಕನ ಹತ್ತಿರ ಇದ್ದದ್ದನ್ನು ತಂದು, ಲೈಸೆನ್ಸ್ ಮಾಡಿಸಿ ಇಟ್ಟುಕೊಂಡಿದ್ದರಂತೆ. ಅವರ ನಂತರ ಅಪ್ಪನಿಗೆ ಬಂತು. ಅಪ್ಪನೋ, ಯುದ್ಧ ಕಂಡವರೂ ಅಲ್ಲ, ಒಂದು ಗುಂಡು ಹಾರಿಸಿದವರೂ ಅಲ್ಲ. ಹಾಸನದಿಂದ ದೆಹಲಿಗೆ ಬಂದು, ಸರ್ಕಾರಿ ಕಚೇರಿಯಲ್ಲಿ ಫೈಲು ನೋಡುತ್ತಾ ನಿವೃತ್ತರಾದವರು.

ನಾವು ಕಿದ್ವಾಯಿ ನಗರದ ಕ್ವಾರ್ಟರ್ಸ್‌ನಲ್ಲಿದ್ದ ಕಾಲದಲ್ಲಿ, ಲೈಸೆನ್ಸ್ ನವೀಕರಣದ ಕ್ಯೂನಲ್ಲಿ ಅಪ್ಪನಿಗೊಬ್ಬರು ಗಂಟುಬಿದ್ದರು. ಪಂಜಾಬಿನವರು, ಇನ್ನೊಂದು ಇಲಾಖೆಯಲ್ಲಿ ಗುಮಾಸ್ತರು. ಆಮೇಲೆ ಪೀತಮ್‌ಪುರದಲ್ಲಿ ಮನೆ ಮಾಡಿದರು, ಹಾಗಾಗಿ ನನಗೆ ಅವರು ಪೀತಮ್‌ಪುರದ ಅಂಕಲ್. ಅವರ ತಂದೆಯೂ ಇಟಲಿಯಿಂದಲೇ ಪಿಸ್ತೂಲು ತಂದವರು. ಅದೂ ಥೇಟ್ ಅಪ್ಪನದರ ಹಾಗೇ ಇರುವಂಥದ್ದು! ಅಲ್ಲಿಗೆ ಇಬ್ಬರಿಗೂ ಜಗಳಕ್ಕೆ ಒಂದು ಜನ್ಮಕ್ಕಾಗುವಷ್ಟು ಸರಕು ಸಿಕ್ಕಿತು.

ನನ್ನ ಕಣ್ಣಿಗೆ ಎರಡೂ ಒಂದೇ ಕಾವಲಿಯ ಮೇಲೆ ಹುಯ್ದ ದೋಸೆಗಳು. ಹಾಗಂದರೆ ಇಬ್ಬರಿಗೂ ಸಿಟ್ಟು ಬರುತ್ತಿತ್ತು. ಮಾಡಿದ್ದು ಬೆಲ್ಜಿಯಂನ ಒಂದೇ ಕಾರ್ಖಾನೆ, ಆದರೆ ಮಾಡಿಸಿಕೊಂಡ ದೇಶ ಬೇರೆ ಬೇರೆ. ಅಪ್ಪನದು ಹಾಲೆಂಡಿನ ಸೈನ್ಯಕ್ಕೆ ಮಾಡಿಕೊಟ್ಟದ್ದು, ಜರ್ಮನರು ಆ ದೇಶ ಗೆದ್ದಾಗ ಅವರ ಕೈಸೇರಿದ್ದು. ಅದರ ಮೇಲೆ ಒಂದು ಪುಟ್ಟ ಕಿರೀಟ, ಕಿರೀಟದ ಕೆಳಗೆ ಅಲ್ಲಿನ ರಾಣಿಯ ಹೆಸರಿನ ಮೊದಲಕ್ಷರ. ಅಂಕಲ್‌ದು ಯುಗೋಸ್ಲಾವಿಯಾದ ರಾಜನ ಸೈನ್ಯದ್ದು. ಅದರ ಮೇಲೆ ಅವರ ಲಿಪಿಯಲ್ಲಿ ಕೊರೆದ ಉದ್ದನೆಯ ಸಾಲು. ರಾಣಿಯ ಮಾಲು, ನಯ ನೋಡು ಅನ್ನುವುದು ಅಪ್ಪನ ವಾದ. ಇಷ್ಟುದ್ದದ ನಳಿಗೆ ಬೇಕೆಂದು ಮೊದಲು ಕೇಳಿ ಮಾಡಿಸಿದ್ದೇ ನಮ್ಮ ರಾಜ, ನಿನ್ನ ರಾಣಿ ಆಮೇಲೆ ನೋಡಿ ಆಸೆಪಟ್ಟಳು ಅನ್ನುವುದು ಅಂಕಲ್ ವಾದ. ಒಬ್ಬರು ಹಾಸನ, ಇನ್ನೊಬ್ಬರು ಲೂಧಿಯಾನ. ಹಾಲೆಂಡು, ಯುಗೋಸ್ಲಾವಿಯಾ ಎರಡೂ ಇವರ ಹೆಂಡಂದಿರ ತವರುಮನೆ ಅನ್ನಬೇಕು, ಹಾಗೆ ಹೊಡೆದಾಡುವರು.

ಪ್ರತಿ ವರ್ಷ ಆಯುಧಪೂಜೆಗೆ ಅಂಕಲ್ ನಮ್ಮ ಮನೆಗೆ ಬರಲೇಬೇಕು. ಮೆಟ್ರೋದಲ್ಲಿ ಪಿಸ್ತೂಲು ಬಿಡುವುದಿಲ್ಲವಾದ್ದರಿಂದ ಮಗನ ಕಾರಿನಲ್ಲಿ ಬರುತ್ತಿದ್ದರು. ಇಬ್ಬರೂ ಒಳಗೆ ಗುಂಡಿಲ್ಲವೆಂದು ಒಬ್ಬರದನ್ನೊಬ್ಬರು ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಎರಡನ್ನೂ ಮಣೆಯ ಮೇಲೆ ಇಡುವುದು. ಪಕ್ಕದಲ್ಲಿ ನನ್ನ ಈಳಿಗೆಮಣೆ, ಕತ್ತರಿ, ಸ್ಕೂಟರಿನ ಕೀ. ಗಂಧ, ಕುಂಕುಮ, ಚೆಂಡುಹೂವು, ಮಂಗಳಾರತಿ. ಅದಾದ ಮೇಲೆ ಇಬ್ಬರ ಆಟ. ಒಬ್ಬರು ಕಣ್ಣಿಗೆ ಟವೆಲ್ ಕಟ್ಟಿಕೊಳ್ಳಬೇಕು, ಇನ್ನೊಬ್ಬರು ಎರಡರಲ್ಲೊಂದನ್ನು ಕೈಗಿಡಬೇಕು. ಬೆರಳಿನಲ್ಲಿ ಸವರಿ ಯಾವ ದೇಶದ್ದೆಂದು ಹೇಳಬೇಕು. ಟವೆಲ್ ಬಿಚ್ಚುವ ಮೊದಲೇ ಪಿಸ್ತೂಲು ಮಣೆಗೆ ವಾಪಸು. ಸರಿ ಹೇಳಿದರೂ ಅಂಕಲ್ ಒಪ್ಪುವ ಜಾತಿಯಲ್ಲ. "ಗಲತ್! ಫಿರ್ ಸೇ ದೇಖೋ", ತಪ್ಪು, ಮತ್ತೆ ನೋಡು ಎಂದು ಗೊಂದಲ ಎಬ್ಬಿಸುವರು. ಅಪ್ಪ ಜಗ್ಗುತ್ತಿರಲಿಲ್ಲ. ಮನೆಯೆಲ್ಲ ಗಲಾಟೆ. ನಾನು ಅಡುಗೆಮನೆಯಿಂದಲೇ, ಊಟಕ್ಕೆ ಬರ್ತೀರೋ ಅಥವಾ ಹಾಲೆಂಡಿಗೇ ಹೋಗಿ ಉಣ್ತೀರೋ ಎಂದು ಕೂಗುತ್ತಿದ್ದೆ.

ಅಮ್ಮ ಹೋದ ಮೇಲೆ ಅಪ್ಪ ಮಯೂರ್ ವಿಹಾರ್‌ನ ನನ್ನ ಫ್ಲಾಟಿಗೆ ಬಂದರು. ಈಚೆಗೆ ಮರೆವು ಶುರುವಾಗಿತ್ತು. ತರಕಾರಿ ಭಯ್ಯಾನಿಗೆ ದುಡ್ಡು ಕೊಟ್ಟು ತರಕಾರಿ ಅಲ್ಲೇ ಬಿಟ್ಟು ಬರುವುದು, ಇಂಥದ್ದಕ್ಕೆಲ್ಲ ನಾನು ತಲೆಕೆಡಿಸಿಕೊಂಡಿರಲಿಲ್ಲ. ಒಂದು ಬೆಳಿಗ್ಗೆ ಕಾಫಿಗೆ ಇಡೋಣವೆಂದು ಹೋದರೆ, ಕಟ್ಟೆಯ ಮೇಲೆ ಸಕ್ಕರೆ ಡಬ್ಬಿಯ ಪಕ್ಕ ಪಿಸ್ತೂಲು! ಒರೆಸಲು ತೆಗೆದಿದ್ದರಂತೆ, ಅಲ್ಲಿಗೆ ಯಾಕೆ ತಂದೆನೆಂದು ಅವರಿಗೇ ನೆನಪಿಲ್ಲ. ಇದನ್ನು ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲಿ ಜಮಾ ಮಾಡಿಬಿಡಿ ಎಂದು ನಾನು ರೇಗಿದೆ. ಅಪ್ಪ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು, ಮೂರನೇ ದಿನ ಅವರಾಗಿಯೇ ಬಂದರು.

"ಕಣ್ಣು ಮುಚ್ಚಿದರೂ ನಂದು ಯಾವುದು ಅಂತ ನನಗೆ ಗೊತ್ತಾಗುತ್ತೆ. ಗೊತ್ತಾಗದ ದಿವಸ ನಾನೇ ಕೊಟ್ಟುಬಿಡ್ತೀನಿ. ಅಲ್ಲೀವರೆಗೆ ಈ ಮಾತು ಎತ್ತಬೇಡ."

ಅದನ್ನೇ ಅಂಕಲ್‌ಗೂ ಫೋನಿನಲ್ಲಿ ಹೇಳಿದರು. ನಾನು ಸರಿ ಎಂದೆ. ನಿಜ ಹೇಳಬೇಕೆಂದರೆ, ಅಪ್ಪ ಸೋಲಲಿ ಎಂದು ಅರ್ಧ ಮನಸ್ಸು, ಸೋಲದಿರಲಿ ದೇವರೇ ಎಂದು ಇನ್ನರ್ಧ.

ಈ ಸಲದ ಆಯುಧಪೂಜೆಗೆ ಅಂಕಲ್ ಬಂದಾಗ ಉಸಿರಾಡಲೂ ಕಷ್ಟಪಡುತ್ತಿದ್ದರು. ಪೂಜೆ ಆಯಿತು. ಅಪ್ಪ ಟವೆಲ್ ಕಟ್ಟಿಕೊಂಡು ಕೈ ಚಾಚಿದರು. ನಾನು ಅಡುಗೆಮನೆ ಬಿಟ್ಟು ಅಲ್ಲೇ ನಿಂತೆ. ಅಂಕಲ್ ತಮ್ಮದನ್ನೇ ಎತ್ತಿ ಅಪ್ಪನ ಕೈಗಿಟ್ಟರು. ಉದ್ದನೆಯ ಅಕ್ಷರಗಳ ಸಾಲು ನನಗೆ ಎದುರಿಗೇ ಕಾಣುತ್ತಿತ್ತು. ಅಪ್ಪನ ಹೆಬ್ಬೆರಳು ಅದರ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು. ಎಂದೂ ಇಷ್ಟು ಹೊತ್ತು ತೆಗೆದುಕೊಂಡವರಲ್ಲ.

"ನಂದು" ಎಂದರು ಕಡೆಗೆ, ಹಿಂದಿಯಲ್ಲಿ. "ರಾಣಿಯದು."

ಅಂಕಲ್ ನನ್ನ ಮುಖ ನೋಡಿದರು. ಕಣ್ಣಲ್ಲೇ, ಹೇಳಬೇಡ ಬೇಟಿ, ಎಂದರು. ಆಮೇಲೆ ಪಿಸ್ತೂಲನ್ನು ಮೆಲ್ಲಗೆ ತೆಗೆದುಕೊಂಡು ಮಣೆಯ ಮೇಲಿಟ್ಟು, "ಸಹೀ ಹೈ, ಭಾಯಿ" ಎಂದು ಒಪ್ಪಿಬಿಟ್ಟರು.

ನನಗೆ ಅಳು ಬಂತು. ಸತ್ಯ ಹೇಳಿದರೆ ಮನೆಯಿಂದ ಅಪಾಯ ತೊಲಗುತ್ತದೆ, ನನಗದು ಗೊತ್ತು. ಆದರೂ ಇಬ್ಬರಿಗೂ ಪುಳಿಯೋಗರೆ ಬಡಿಸಿದೆ. ಅಂಕಲ್ ಎರಡನೇ ಸಲ ಹಾಕಿಸಿಕೊಂಡರು. ಅಪ್ಪ ಬಡಿಸಿದ್ದಷ್ಟನ್ನೇ ಉಂಡು ಎದ್ದರು. ಸಂಜೆಯ ಹೊತ್ತಿಗೆ ಅವರ ಮಗ ಬಂದು ಅಂಕಲ್‌ರನ್ನು ಕರೆದುಕೊಂಡು ಹೋದ.

ಮಣೆ ತೆಗೆಯುತ್ತಿದ್ದಾಗ ಅಪ್ಪ ಪಿಸ್ತೂಲಿನ ಪೆಟ್ಟಿಗೆಯನ್ನೂ ಲೈಸೆನ್ಸನ್ನೂ ತಂದು ಊಟದ ಮೇಜಿನ ಮೇಲಿಟ್ಟರು.

"ನಾಳೆ ದಸರಾ ರಜ. ನಾಡಿದ್ದು ಅಂಗಡಿಗೆ ಹೋಗಿ ಕೊಟ್ಟುಬಿಡೋಣ."

"ಯಾಕಪ್ಪಾ? ಸರಿಯಾಗೇ ಹೇಳಿದ್ರಲ್ಲ."

ಅಪ್ಪ ಕುರ್ಚಿ ಎಳೆದು ಕೂತರು. ಮಣೆಯ ಮೇಲಿದ್ದ ಪಿಸ್ತೂಲನ್ನು ಎತ್ತಿಕೊಂಡು, ಅದರ ಮೇಲೆ ಒಣಗಿದ ಗಂಧವನ್ನು ಪಂಚೆಯ ತುದಿಯಿಂದ ಒರೆಸಿ, ಕಿರೀಟದ ಮೇಲೆ ಬೆರಳಿಟ್ಟರು.

"ಇಷ್ಟು ವರ್ಷದಲ್ಲಿ ನಾನು ಸರಿ ಹೇಳಿದಾಗ ಅವನು ಒಂದು ಸಲವಾದ್ರೂ ಜಗಳ ಆಡದೆ ಒಪ್ಪಿದ್ದುಂಟೇನಮ್ಮಾ?"

ಗಂಧ ಅಕ್ಷರದೊಳಗೆ ತುಂಬಿಕೊಂಡಿತ್ತು, ಯಾರಿಗಾದರೂ ತಪ್ಪುತ್ತಿತ್ತು ಎಂದೇನೋ ಹೇಳಲು ಹೋದೆ. ಅಪ್ಪ ಕೈ ಅಡ್ಡ ಮಾಡಿದರು. ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು.

"ಅವನಿಗೆ ಹೇಳಬೇಡ, ನನಗೆ ತಿಳೀತು ಅಂತ. ಪಾಪ, ಸುಳ್ಳು ಹೇಳಿ ಅಭ್ಯಾಸ ಇಲ್ಲ. ಬರೋ ವರ್ಷ ಅವನದೊಂದೇ ತರಲಿ. ನಾನು ಅದನ್ನೇ ಹಿಡ್ಕೊಂಡು ನಂದು ಅಂತೀನಿ. ಆಗಲಾದ್ರೂ ಜಗಳ ಆಡ್ತಾನೋ ನೋಡೋಣ."