ದೂರ ಹೊರಟಿರಾ?

ನಮ್ಮ ಅರಸೀಕೆರೆಯಲ್ಲಿ ಚಪ್ಪಲಿ ಮೆಟ್ಟಿ ಗೇಟು ತೆಗೆದವರು ಯಾರೇ ಆಗಲಿ, ಬೀದಿಯ ತಿರುವು ಮುಟ್ಟುವುದರೊಳಗೆ ಒಂದು ಪ್ರಶ್ನೆಗೆ ಉತ್ತರ ಕೊಟ್ಟೇ ತೀರಬೇಕು. ಹೊರಟವರನ್ನು ‘ಎಲ್ಲಿಗೆ’ ಎಂದು ನೇರವಾಗಿ ಕೇಳುವುದು ಅಪಶಕುನ. ಕೇಳದೆ ಬಿಟ್ಟರೋ ತಿಂದ ಅನ್ನ ಅರಗುವುದಿಲ್ಲ. ಈ ಧರ್ಮಸಂಕಟಕ್ಕೆ ನಮ್ಮ ಹಿರಿಯರು ಕಂಡುಕೊಂಡ ಪರಿಹಾರವೇ ‘ದೂರಾ?’ ಎಂಬ ಪುಟ್ಟ ಪ್ರಶ್ನೆ. ಶಕುನಕ್ಕೂ ಭಂಗವಿಲ್ಲ, ಕುತೂಹಲಕ್ಕೂ ಮೋಸವಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದ ಕಾಲದಲ್ಲಿ ಇದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬ್ಯಾಗು, ಛತ್ರಿ, ಉತ್ತರಪತ್ರಿಕೆಗಳ ಕಟ್ಟು ಅವಚಿಕೊಂಡು ಬೆಳಗಿನ ಹೊತ್ತು ಓಡುತ್ತಿರುವ ಟೀಚರಮ್ಮ ಸ್ಕೂಲಿಗಲ್ಲದೆ ಕಾಶಿಗೆ ಹೋಗುತ್ತಾಳೆಯೆ, ನೀವೇ ಹೇಳಿ! ಆದರೂ ಎದುರುಮನೆಯ ಕೊಬ್ಬರಿ ವ್ಯಾಪಾರಿ ಸಿದ್ದಲಿಂಗಪ್ಪನವರು ದಿನದಿನವೂ ಮಾಸದ ಬೆರಗಿನಿಂದ, “ಏನ್ ಮೇಡಂ, ದೂರಾ?” ಎನ್ನುತ್ತಿದ್ದರು. “ಹೊರಟೋರನ್ನ ಕೇಳಬಾರದು ಕಣ್ರೀ” ಎಂದು ಗೊಣಗಿ ನಾನು ಬಿರಬಿರನೆ ನಡೆಯುತ್ತಿದ್ದೆ.

ನಿವೃತ್ತಿಯಾದ ಮರುವರ್ಷ ಬೆನ್ನುಹುರಿಗೆ ಕಾಯಿಲೆ ಅಂಟಿ, ನನ್ನ ಕಾಲುಗಳೆರಡೂ ತಾವಾಗಿಯೇ ಸ್ವಯಂನಿವೃತ್ತಿ ಪಡೆದವು. ಬಹುಕಾಲ ಹಾಸಿಗೆಯಲ್ಲಿದ್ದೆ. ಆಮೇಲೆ ಮನೆಗೆ ವೀಲ್‌ಚೇರ್ ಬಂತು. ನಾನು ಅದರಲ್ಲಿ ಕೂತೆ, ನಮ್ಮ ಯಜಮಾನರು ಅದರ ಹಿಂದೆ ನಿಂತರು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು, ಜೀವಮಾನದಲ್ಲಿ ಒಂದು ಸೈಕಲ್ಲನ್ನೂ ಸರಿಯಾಗಿ ತಳ್ಳಿದವರಲ್ಲ. ಆದರೆ ನನ್ನನ್ನು ಮಾತ್ರ ತುಂಬಿದ ಕೊಡ ಹೊತ್ತವರಂತೆ ತುಳುಕದೆ ತಳ್ಳಿಕೊಂಡು ತಿರುಗಿದರು. ಅವರ ಮೇಲೆ ದೂರು ಹೇಳಿದರೆ ನನ್ನ ಬಾಯಿಗೆ ಹುಳ ಬಿದ್ದೀತು.

ಆದರೆ ಒಂದು ವಿಚಿತ್ರ ನಡೆಯಿತು. ಬೀದಿಯ ಪ್ರಶ್ನೆಗಳೆಲ್ಲ ನನ್ನ ತಲೆಯ ಮೇಲಿಂದ ಹಾರಿ ಹಿಂದಿದ್ದವರನ್ನು ಸೇರತೊಡಗಿದವು. “ಏನ್ ಸಾರ್, ಮೇಡಮ್ಮೋರ್ನ ಕರ್ಕೊಂಡು ದೂರಾನಾ?” ಎಂದು ಸಿದ್ದಲಿಂಗಪ್ಪನವರು ಅವರನ್ನು ಕೇಳುವರು. ತರಕಾರಿಯವಳು ನನ್ನ ಮೂಗಿನ ಮುಂದೆಯೇ ಬದನೆಕಾಯಿ ಹಿಡಿದು, “ಅಮ್ಮೋರಿಗೆ ಇದು ಆಯ್ತದಾ?” ಎಂದು ಅವರನ್ನೇ ವಿಚಾರಿಸುವಳು. ಮೂವತ್ತು ವರ್ಷ ಮಕ್ಕಳ ಕಿವಿ ತೂತಾಗುವಂತೆ ಮಾತಾಡಿದ ನನ್ನ ನಾಲಿಗೆಗೆ ಯಾವ ಕಾಯಿಲೆಯೂ ಬಂದಿರಲಿಲ್ಲ ಎಂಬುದು ಊರಿಗೇ ಮರೆತುಹೋಗಿತ್ತು. ನಗುತ್ತಲೇ ಹೇಳುತ್ತಿದ್ದೇನೆ, ಆಗ ಮಾತ್ರ ಮನೆಗೆ ಬಂದು ಅತ್ತಿದ್ದೇನೆ.

ಚಕ್ರದ ಹೊರಮೈಗೆ ಉಕ್ಕಿನ ದೊಡ್ಡ ಬಳೆಯೊಂದಿರುತ್ತದೆ, ಗಮನಿಸಿದ್ದೀರಾ? ಕೂತವರೇ ಕೈಯಿಂದ ತಿರುಗಿಸಿಕೊಂಡು ಮುಂದೆ ಹೋಗಲೆಂದು ಮಾಡಿದ್ದು. ನಮ್ಮ ಮನೆಯಲ್ಲಿ ಅದು ಟವೆಲ್ ಒಣಹಾಕುವ ಸೌಕರ್ಯವಾಗಿತ್ತು. ನಾನೊಮ್ಮೆ ಕೈಯಿಟ್ಟಾಗ ಯಜಮಾನರು, “ಬಿಡೇ, ಬೀದಿ ಕೊಳೆಯೆಲ್ಲ ಕೈಗೆ. ನಾನಿದ್ದೀನಲ್ಲ” ಎಂದರು. ‘ನಾನಿದ್ದೀನಲ್ಲ’ ಎನ್ನುವವರ ಮೇಲೆ ಸಿಟ್ಟು ಮಾಡುವುದು ಹೇಗೆ? ನಾನೂ ಕೈ ತೆಗೆದೆ. ‘ಪಾಪ, ಗಾಲಿಕುರ್ಚಿಗೆ ಬಿದ್ದಳು’ ಎಂದು ಜನ ಅನ್ನುತ್ತಾರಲ್ಲ, ಅದು ತಲೆಕೆಳಗಾದ ಮಾತು. ನಾನು ಬಿದ್ದಿದ್ದು ಹಾಸಿಗೆಗೆ, ಎಬ್ಬಿಸಿದ್ದು ಕುರ್ಚಿ. ಅದನ್ನರಿಯದ ನಾವಿಬ್ಬರೂ ಸೇರಿ ಕುರ್ಚಿಯನ್ನು ಇನ್ನೊಂದು ಹಾಸಿಗೆ ಮಾಡಿಕೊಂಡಿದ್ದೆವು.

ಕಳೆದ ಚಳಿಗಾಲದಲ್ಲಿ ಕಾರು ಮಾಡಿಕೊಂಡು ಹಳೇಬೀಡಿಗೆ ಹೋದೆವು. ಪುಣ್ಯಾತ್ಮರಿಬ್ಬರು ಕುರ್ಚಿಸಮೇತ ನನ್ನನ್ನು ದೇವಸ್ಥಾನದ ಸುತ್ತಲಿನ ಎತ್ತರದ ಕಟ್ಟೆ, ಜಗತಿಯ ಮೇಲಿಟ್ಟರು. ಯಜಮಾನರಿಗೆ ಭವ್ಯವಾದುದರ ಮೇಲೆ ಪ್ರೀತಿ. ಆಳೆತ್ತರದ ದೇವರುಗಳ ಮುಂದೆ ನನ್ನನ್ನು ನಿಲ್ಲಿಸುವರು, ನಾನು ಕತ್ತು ನೋಯುವಷ್ಟು ಮೇಲೆ ನೋಡುವೆನು, ಗೋಡೆಯ ಬುಡದ ಸಾಲುಕೆತ್ತನೆಯ ಪಟ್ಟಿಕೆಗಳ ಹತ್ತಿರ ಬಂದೊಡನೆ “ಬರೀ ಆನೆಗಳು ಕಣೇ” ಎಂದು ಮುಂದೆ ಸಾಗಿಸುವರು. ಅಷ್ಟರಲ್ಲಿ ಬ್ಯಾಂಕಿನ ಹಳೆಯ ಗೆಳೆಯರೊಬ್ಬರು ಸಿಕ್ಕಿ, ಇಬ್ಬರೂ ಪಿಂಚಣಿಯ ಮೀಮಾಂಸೆಗೆ ಇಳಿದರು.

ನಾನು ಬಳೆಯ ಮೇಲಿದ್ದ ಟವೆಲ್ ತೆಗೆದು ಮಡಿಲಲ್ಲಿಟ್ಟುಕೊಂಡೆ. ಬಳೆ ತಣ್ಣಗಿತ್ತು. ಅಂಗೈಯಿಂದ ನೂಕಿದೆ, ಕುರ್ಚಿ ಒಂದು ಗೇಣು ಮುಂದೆ ಹೋಯಿತು. ಅಯ್ಯೋ ನಮ್ಮಪ್ಪಾ! ಎಡಗೈ ಜೋರಾಗಿ ಬಲಗೈ ಸೋತು ಗೋಡೆಗೆ ಮುಖ ಮಾಡಿ ನಿಂತೆ. ತರಗತಿಯಲ್ಲಿ ಎಷ್ಟು ಮಕ್ಕಳನ್ನು ಹಾಗೆ ನಿಲ್ಲಿಸಿದ್ದೆನೋ ಎಂದು ಒಬ್ಬಳೇ ನಕ್ಕೆ. ಮತ್ತೆ ತಿರುಗಿಸಿ ಮೂಲೆ ದಾಟಿದೆ. ಅಲ್ಲಿ ಆನೆಗಳು ನನಗಾಗಿ ಕಾದಿದ್ದವು. ಒಂದರಂತೆ ಇನ್ನೊಂದಿಲ್ಲವೆಂದು ಪುಸ್ತಕದಲ್ಲಿದ್ದುದನ್ನು ಮಕ್ಕಳಿಗೆ ಉರುಹೊಡೆಸಿದ್ದೆನೇ ಹೊರತು, ಎರಡಾನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದವಳಲ್ಲ. ಈಗ ಕೂತ ಎತ್ತರ ಅವಕ್ಕೆ ಹತ್ತಿರವಾಗಿತ್ತು. ಬೇಕೆಂದ ಕಡೆ ನಿಂತೆ, ಸಾಕೆನಿಸಿದಾಗ ಹೊರಟೆ, ಒಂದನ್ನು ಮತ್ತೆ ನೋಡಬೇಕೆನಿಸಿ ಹಿಂದಕ್ಕೂ ಬಂದೆ.

ಯಜಮಾನರು ಏದುಸಿರು ಬಿಡುತ್ತ ಓಡಿಬಂದರು. ಮುಖ ಬಿಳಿಚಿಕೊಂಡಿತ್ತು. “ಎಲ್ಲೇ ಹೋಗಿದ್ದೆ? ಜೀವಾನೇ ಹೋಯ್ತಲ್ಲೇ ನಂದು!”

ಅವರನ್ನು ಸಮಾಧಾನ ಮಾಡಬೇಕಿತ್ತು, ನಿಜ. ಆದರೆ ನನ್ನ ಮನಸ್ಸು ಆ ಪ್ರಶ್ನೆಯಲ್ಲೇ ನಿಂತುಬಿಟ್ಟಿತ್ತು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿಸಿಕೊಳ್ಳಬೇಕಾದರೆ ಮೊದಲು ಹೋಗಬಲ್ಲವಳಾಗಿರಬೇಕು. “ರೀ, ಇನ್ನೊಂದು ಸಲ ಕೇಳ್ರೀ” ಎಂದೆ. ನನಗೆ ನಗುವೂ ಅಳುವೂ ಒಟ್ಟಿಗೆ ಬಂದಿತ್ತು. ನನಗೆ ತಲೆ ಕೆಟ್ಟಿತೆಂದು ಅವರು ಗಾಬರಿಯಾದರು.

ವಾಪಸ್ಸು ಬರುವಾಗ ಕಾರಿನಲ್ಲಿ ಹೇಳಿಯೇಬಿಟ್ಟೆ: “ನಾಳೆಯಿಂದ ಕಾಫಿಪುಡಿ ನಾನೇ ತರ್ತೀನಿ, ಒಬ್ಬಳೇ.” ಅಂಗಡಿ ನಮ್ಮ ಬೀದಿಯ ಕೊನೆಗಿದೆ, ನಡುವೆ ಕೊಬ್ಬರಿ ಲಾರಿಗಳ ಸಂಚಾರ. “ನಾನಿನ್ನೂ ಸತ್ತಿಲ್ಲ ಕಣೇ. ಹೆಂಡ್ತೀನ ಬೀದಿಗೆ ಬಿಟ್ಟು ಕೂತಿದಾನೆ ಅಂತಾರೆ ಜನ” ಎಂದರು. “ನಿಮ್ಮ ಮೇಲೆ ಬೇಜಾರಿಲ್ಲ ಕಣ್ರೀ. ನೀವು ತೋರಿಸಿದ್ದನ್ನೇ ನೋಡಿ ನೋಡಿ ಸಾಕಾಯ್ತು. ನನ್ನ ಪಾಡಿಗೆ ನಾನೊಂದಿಷ್ಟು ತಿರುಗಬೇಕು” ಎಂದೆ. ಅವರಿಗೆ ನೋವಾಯಿತು, ಕಿಟಕಿಯ ಕಡೆ ಮುಖ ತಿರುಗಿಸಿದರು. ಇಷ್ಟು ಒಳ್ಳೆಯವರನ್ನು ನೋಯಿಸಿದೆನಲ್ಲ ಎಂದು ನನಗೂ ಸಂಕಟವಾಯಿತು, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ. ಬಾಣಾವರ ದಾಟಿದ ಮೇಲೆ, ಕಿಟಕಿಯ ಕಡೆ ನೋಡುತ್ತಲೇ, “ಹೊಸ್ತಿಲಿಗೆ ಒಂದು ಹಲಗೆ ಹಾಕಿಸಬೇಕಾಗುತ್ತೆ” ಎಂದರು.

ಹಲಗೆ ಬಂತು. ಸೆರಗು ಚಕ್ರಕ್ಕೆ ಸಿಗದಂತೆ ಪಿನ್ನು ಹಾಕಿ ಬಿಗಿದುಕೊಂಡು, ಮಡಿಲಲ್ಲಿ ಚೀಲವಿಟ್ಟು, ನಾನು ಬೀದಿಗಿಳಿದೆ. ಯಜಮಾನರು ಗೇಟಿನವರೆಗೆ ಬಂದು ಕೈಕಟ್ಟಿ ನಿಂತರು. ಕೈಗಳಿಗೆ ಕೆಲಸವಿಲ್ಲದಾಗ ಅವರು ಎಷ್ಟು ವಯಸ್ಸಾದವರಂತೆ ಕಾಣುತ್ತಾರೆಂದು ನನಗೆ ಆಗಲೇ ತಿಳಿದದ್ದು.

ಎದುರುಮನೆಯ ಜಗಲಿಯಿಂದ ಸಿದ್ದಲಿಂಗಪ್ಪನವರು ನನ್ನನ್ನು ನೋಡಿದರು, ನನ್ನ ಹಿಂದೆ ನೋಡಿದರು, ಅಲ್ಲಿ ಯಾರೂ ಇಲ್ಲದ್ದು ಕಂಡು ಗೇಟಿನ ಕಡೆಗೆ ಕೂಗಿದರು: “ಏನ್ ಸಾರ್, ಮೇಡಮ್ಮೋರು ದೂರಾನಾ?”

ನನ್ನ ಕೈ ಚಕ್ರದ ಮೇಲೆಯೇ ನಿಂತಿತು. ಯಜಮಾನರು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

“ನನ್ನನ್ನ್ಯಾಕ್ ಕೇಳ್ತೀರ್ರೀ? ನನಗೇನು ಗೊತ್ತು? ಅವರನ್ನೇ ಕೇಳಿ.”

ಸಿದ್ದಲಿಂಗಪ್ಪನವರು ತಬ್ಬಿಬ್ಬಾಗಿ ಹೆಗಲ ಮೇಲಿನ ಟವೆಲ್ ಸರಿಪಡಿಸಿಕೊಂಡರು. ಆಮೇಲೆ, ಎಷ್ಟೋ ಕಾಲದ ಮೇಲೆ, ನನ್ನ ಕಣ್ಣನ್ನೇ ನೋಡಿ ಕೇಳಿದರು: “ಏನ್ ಮೇಡಂ, ದೂರಾ?”

“ಹೊರಟೋರನ್ನ ಕೇಳಬಾರದು ಕಣ್ರೀ!” ಎಂದು ಗೊಣಗಿ ಬಳೆಗೆ ಕೈಹಾಕಿದೆ. ಮೈ ಉರಿಯಲಿಲ್ಲವೆಂದರೆ ಸುಳ್ಳಾದೀತು, ಸ್ವಲ್ಪ ಉರಿಯಿತು. ಎಷ್ಟು ಹಿತವಾಗಿತ್ತು ಆ ಉರಿ!