ಡ್ರಮ್ಸ್ ಕಳೆದುಹೋದ ವಾರ

ಕಳೆದ ವರ್ಷ ಇಲ್ಲಿ ತೆಲಂಗಾಣದ ಬತುಕಮ್ಮ ಹಬ್ಬದ ಹೊತ್ತಿಗೆ ನಡೆದದ್ದು ಇದು. ಉಪ್ಪಲ್‌ನಲ್ಲಿರುವ ನಮ್ಮ ಓಣಿಯಲ್ಲಿ ಸಂಜೆಯಾದರೆ ಹೆಂಗಸರೆಲ್ಲ ಹೂವು ಪೇರಿಸಿ ಮಾಡಿದ ಬತುಕಮ್ಮ ನಡುವೆ ಇಟ್ಟು, ಸುತ್ತಲೂ ಚಪ್ಪಾಳೆ ತಟ್ಟುತ್ತ ಆಡುತ್ತೇವೆ. ಈಗೀಗ ಪಕ್ಕದಲ್ಲೇ ಡಿಜೆ ಬೇರೆ. ಒಂದು ಸಂಜೆ ಚೆನ್ನಾಗಿ ಆಡಿ ಮಲಗಿದೆ. ಬೆಳಿಗ್ಗೆ ಏಳುವಾಗ ಬಲಗಿವಿಯಲ್ಲಿ ಗುಂಯ್ ಎನ್ನುವ ಸದ್ದು, ಹತ್ತಿ ತುರುಕಿದ ಹಾಗೆ ಬಿಗಿ. ಸ್ವಲ್ಪ ನೆಗಡಿಯೂ ಇತ್ತು. ಡಿಜೆಯವನಿಗೆ ಮನಸ್ಸಿನಲ್ಲೇ ಬೈದು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಎರಡು ಹನಿ ಬಿಟ್ಟುಕೊಂಡು ಆಫೀಸಿಗೆ ಹೊರಟೆ.

ನಮ್ಮ ಮೂಲ ರಾಯಚೂರು ಕಡೆ. ಅಜ್ಜನ ಕಾಲಕ್ಕೇ ಹೈದರಾಬಾದಿಗೆ ಬಂದವರು. ಐವತ್ತು ದಾಟಿದ, ಸರಕಾರಿ ನೌಕರಿಯ, ಕೈತುಂಬ ಹಸಿರು ಬಳೆ ತೊಟ್ಟ ಹೆಂಗಸು ಜಾಝ್ ಕೇಳುತ್ತಾಳೆ ಎಂದರೆ ಜನ ನಗುತ್ತಾರೆ. ನಗಲಿ. ಕಾಲೇಜಿನಲ್ಲಿದ್ದಾಗ ನಮ್ಮಣ್ಣ ಆಬಿಡ್ಸ್‌ನ ಭಾನುವಾರದ ಬಜಾರಿನಿಂದ ಒಂದು ಹಳೆಯ ಕ್ಯಾಸೆಟ್ ತಂದಿದ್ದ. ಅವನಿಗೆ ಅದು ಹಿಡಿಸಲಿಲ್ಲ. ನನಗೆ ಹಿಡಿದದ್ದು ಇನ್ನೂ ಬಿಟ್ಟಿಲ್ಲ.

ನನ್ನಂಥ ಹುಚ್ಚರದೊಂದು ವಾಟ್ಸಾಪ್ ಗುಂಪಿದೆ. ಹೆಸರು ‘ಇವತ್ತೇನು ಕೇಳಾಕತ್ತೀರಿ?’. ಬೆಳಿಗ್ಗೆ ಒಬ್ಬೊಬ್ಬರೂ ತಾವು ಕೇಳುತ್ತಿರುವ ಆಲ್ಬಮ್ ಹಾಕಬೇಕು, ಉಳಿದವರು ಅದರ ಮೇಲೆ ಬೀಳಬೇಕು. ಕನ್ನಡ, ತೆಲುಗು, ಹಿಂದಿ ಎಲ್ಲ ಕಲಸಿ ಜಗಳ. ಅದರಲ್ಲಿ ನನ್ನ ಖಾಯಂ ಎದುರಾಳಿ ಗುರುನಾಥರಾಯರು. ಕಲಬುರಗಿಯವರು, ಬ್ಯಾಂಕಿನಿಂದ ನಿವೃತ್ತರಾಗಿ ಹಬ್ಸಿಗುಡದಲ್ಲಿದ್ದಾರೆ. ನಾನು ಹೌದು ಎಂದದ್ದಕ್ಕೆ ಅವರು ಹೌದು ಎಂದದ್ದು ನನಗೆ ನೆನಪಿಲ್ಲ.

ನಮ್ಮಿಬ್ಬರ ಹಳೆಯ ಜಗಳ ಒಂದೇ ಆಲ್ಬಮ್ಮಿನದು. ನಾಲ್ವರು ಕೂಡಿ ಬಾರಿಸಿದ ಬಹಳ ಹಳೆಯ ಸ್ಟೀರಿಯೋ ರೆಕಾರ್ಡು ಅದು. ರಟ್ಟಿನ ಮೇಲೆ ಒಂದು ನೀಲಿ ಬಾಗಿಲಿನ ಚಿತ್ರ ಇರುವುದರಿಂದ ನಾವು ಅದನ್ನು ‘ನೀಲಿ ಬಾಗಿಲು’ ಎಂದೇ ಕರೆಯುತ್ತೇವೆ. ಅದು ಸ್ಯಾಕ್ಸೋಫೋನಿನವನ ಆಲ್ಬಮ್ ಎಂದು ನಾನು, ಡ್ರಮ್ಸ್‌ನವನು ಇಲ್ಲದಿದ್ದರೆ ಅದು ಎದ್ದೇ ನಿಲ್ಲುತ್ತಿರಲಿಲ್ಲ ಎಂದು ರಾಯರು.

ಅವತ್ತು ಮೆಟ್ರೋದಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಅದನ್ನೇ ಹಚ್ಚಿದೆ. ಸ್ಯಾಕ್ಸೋಫೋನ್ ಎಂದಿನಂತೆ ಬಂತು, ಡ್ರಮ್ಸ್ ಮಾತ್ರ ಇಲ್ಲ. ಇನ್ನೊಮ್ಮೆ ಹಚ್ಚಿದರೂ ಇಲ್ಲ. ಆ್ಯಪ್‌ನವರು ಹಳೆಯ ರೆಕಾರ್ಡನ್ನು ಸ್ವಚ್ಛ ಮಾಡುವ ನೆಪದಲ್ಲಿ ಡ್ರಮ್ಸ್‌ನವನನ್ನೇ ತೊಳೆದು ಹಾಕಿದ್ದಾರೆ ಎಂದು ತಿಳಿದು ನನಗೆ ಖುಷಿಯೇ ಆಯಿತು. ಕೂಡಲೇ ಗುಂಪಿನಲ್ಲಿ ಬರೆದೆ: ‘ನೀಲಿ ಬಾಗಿಲು ಹೊಸ ಕಾಪಿ ಕೇಳ್ರಿ. ಡ್ರಮ್ಸ್ ತಗದಾರ. ಈಗ ಭಾಳ ಚಂದ ಆಗೇತಿ.’

ರಾಯರಿಗೆ ಮೈಯೆಲ್ಲ ಉರಿದಿರಬೇಕು. ಅದೇ ಕಾಪಿ ತೆಗೆದು ಕೇಳಿ ಬರೆದರು: ‘ಡ್ರಮ್ಸ್ ಇದ್ದಲ್ಲೇ ಐತಿ. ನೀವು ಕಿವಿ ಎಲ್ಲಿ ಇಟ್ಟೀರಿ?’ ಗುಂಪಿನ ಸಲೀಂ ಭಾಯಿಯೂ ‘ಡ್ರಮ್ ತೋ ಬರಾಬರ್ ಬಜ್ರಾ ಆಪಾ’ ಎಂದು, ಡ್ರಮ್ಸ್ ಸರಿಯಾಗಿಯೇ ಬಾರಿಸುತ್ತಿದೆ ಎಂದರು. ನಾನು ಒಪ್ಪಲಿಲ್ಲ. ನಮ್ಮ ಯಜಮಾನರ ಇಯರ್‌ಫೋನಿನಲ್ಲೂ ಕೇಳಿ ನೋಡಿದೆ. ಅದರಲ್ಲೂ ಡ್ರಮ್ಸ್ ಇರಲಿಲ್ಲ. ಇಷ್ಟು ಸಾಕ್ಷಿ ಸಿಕ್ಕ ಮೇಲೆ ಕೇಳಬೇಕೇ? ಮೂರ್ನಾಲ್ಕು ದಿನ ಅದೇ ವಾದ ನಡೆಯಿತು. ಈ ನಡುವೆ ಕಿವಿಯ ಗುಂಯ್ ಹಾಗೇ ಇತ್ತು, ನಾನು ಎಣ್ಣೆ ಬಿಟ್ಟುಕೊಳ್ಳುತ್ತಲೇ ಇದ್ದೆ.

ಭಾನುವಾರ ಗುಂಪಿನ ಕೆಲವರು ರಾಯರ ಮನೆಯಲ್ಲಿ ಕೂಡಿದೆವು. ರಾಯರ ಹೆಂಡತಿ ಸುಮಿತ್ರಾ ವೈನಿ ಚಹಾ ಕೊಟ್ಟು ಒಳಗೆ ಹೋದರು. ಅವರು ಒಮ್ಮೊಮ್ಮೆ ಮಾತಾಡಿಸಿದರೂ ಉತ್ತರ ಕೊಡದೆ ಹೋಗುತ್ತಿದ್ದರು. ತುಸು ಬಿಗುಮಾನದವರು ಎಂದುಕೊಂಡಿದ್ದೆ.

ರಾಯರು ಆ್ಯಪ್‌ನ ಕಾಪಿಯನ್ನೇ ದೊಡ್ಡ ಸ್ಪೀಕರಿಗೆ ಜೋಡಿಸಿ ಹಚ್ಚಿದರು. ಡ್ರಮ್ಸ್ ಸ್ಪಷ್ಟವಾಗಿ ಕೇಳಿತು. ನಾನು ಪೇಚಿಗೆ ಬಿದ್ದೆ, ಆದರೂ ಬಿಡಲಿಲ್ಲ.

“ಸ್ಪೀಕರಿನಾಗ ಬರ್ತದ್ರಿ. ಇಯರ್‌ಫೋನಿನಾಗ ಬರಂಗಿಲ್ಲ. ಬೇಕಾದ್ರ ನಿಮ್ಮದ ಕೊಡ್ರಿ” ಎಂದೆ.

ಕೊಟ್ಟರು. ಹಾಕಿಕೊಂಡು ಕೇಳಿ, “ನೋಡ್ರಿ, ಇಲ್ಲ” ಎಂದೆ. ಸಲೀಂ ಭಾಯಿ ನಕ್ಕರು. ರಾಯರು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತ, “ಎಡಗಿವೀದು ಬಲಕ್ಕ ಹಾಕೋರಿ, ಬಲಗಿವೀದು ಎಡಕ್ಕ” ಎಂದರು.

ಅದಲು ಬದಲು ಮಾಡಿಕೊಂಡೆ. ಡ್ರಮ್ಸ್ ಬಂತು. ಸ್ಯಾಕ್ಸೋಫೋನ್ ಹೋಯಿತು.

ಆ ಕಾಲದ ಸ್ಟೀರಿಯೋ ರೆಕಾರ್ಡುಗಳಲ್ಲಿ ಒಬ್ಬರನ್ನು ಪೂರ್ತಿ ಎಡಕ್ಕೆ, ಇನ್ನೊಬ್ಬರನ್ನು ಪೂರ್ತಿ ಬಲಕ್ಕೆ ಹಾಕುವ ರೂಢಿ ಇತ್ತು. ನೀಲಿ ಬಾಗಿಲಿನಲ್ಲಿ ಸ್ಯಾಕ್ಸೋಫೋನ್ ಎಡಕ್ಕೆ, ಡ್ರಮ್ಸ್ ಬಲಕ್ಕೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಕೆಟ್ಟಿರುವುದು ನನ್ನ ಕಿವಿ ಇರಬಹುದು ಎಂದು ಹೊಳೆದೇ ಇರಲಿಲ್ಲ. ಬಲಗಿವಿ ಮಂದವಾಗಿದೆ ಅಂದುಕೊಂಡಿದ್ದೆ, ಅದು ಕೇಳುವುದನ್ನೇ ಬಿಟ್ಟಿತ್ತು.

“ಯಾವಾಗಿಂದ ಹಿಂಗ?” ರಾಯರು ಮೆಲ್ಲಗೆ ಕೇಳಿದರು.

“ಬತುಕಮ್ಮ ಆಡಿದ ಮರುದಿನದಿಂದ್ರಿ. ನೆಗಡಿ ಐತಿ, ಎಣ್ಣಿ ಬಿಡಾಕತ್ತೀನಿ.”

ಅವರು ಸ್ಪೀಕರ್ ಬಂದ್ ಮಾಡಿ ಕಾರಿನ ಕೀಲಿ ತೆಗೆದುಕೊಂಡರು. “ಏಳ್ರಿ, ದವಾಖಾನಿಗೆ ಹೋಗೂಣು.”

“ಇವತ್ತ ಭಾನುವಾರ ಐತ್ರಿ. ನಾಳೆ ತೋರಸ್ತೀನಿ.”

“ನಾಳಿ ನಾಳಿ ಅಂತನ ನಮ್ಮ ಮನಿಯಾಕಿ ಒಂದು ಕಿವಿ ಕಳಕೊಂಡಾಳ್ರಿ, ವಿಜಯಾಬಾಯಿ. ಏಳ್ರಿ.”

ನಾನು ಎದ್ದೆ. ಬಾಗಿಲಲ್ಲಿ ನಿಂತಿದ್ದ ವೈನಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರ ಬಿಗುಮಾನ ಏನೆಂದು ಅವತ್ತು ತಿಳಿಯಿತು.

ದೊಡ್ಡ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ರಾಯರು ಯಾರ ಯಾರನ್ನೋ ಕಾಡಿ ಬೇಡಿ ಕಿವಿಯ ಡಾಕ್ಟರನ್ನು ಕರೆಸಿದರು. ಅಷ್ಟರಲ್ಲಿ ನಮ್ಮ ಯಜಮಾನರೂ ಬಂದರು. ಡಾಕ್ಟರಮ್ಮ ಒಂದು ಲೋಹದ ಕವೆಯನ್ನು ಬಡಿದು ನನ್ನ ಹಣೆಯ ನಡುವೆ ಇಟ್ಟು, ಸದ್ದು ಯಾವ ಕಡೆ ಕೇಳುತ್ತದೆ ಎಂದು ತೆಲುಗಿನಲ್ಲಿ ಕೇಳಿದರು. ಎಡಕ್ಕೆ ಮಾತ್ರ ಕೇಳುತ್ತಿತ್ತು. ಆಮೇಲೆ ಇನ್ನಷ್ಟು ಪರೀಕ್ಷೆಗಳಾದವು. ಕೇಳಿಸುವ ನರ ಇದ್ದಕ್ಕಿದ್ದಂತೆ ಸೋತಿದೆ, ಇದಕ್ಕೆ ಕಾರಣ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಎಣ್ಣೆಯಿಂದ ಏನೂ ಆಗದು, ಮೊದಲ ಕೆಲವು ದಿನಗಳಲ್ಲಿ ಔಷಧಿ ಬಿದ್ದರೆ ಮಾತ್ರ ಆಸೆ ಇಟ್ಟುಕೊಳ್ಳಬಹುದು ಎಂದರು. “ಇಪ್ಪಟಿಕೈನಾ ವಚ್ಚಾರು, ಮಂಚಿದಿ” ಎಂದು ನನ್ನ ಕೈ ತಟ್ಟಿದರು. ಈಗಲಾದರೂ ಬಂದಿರಲ್ಲ, ಒಳ್ಳೆಯದಾಯಿತು ಎಂದು. ವಾಪಸ್ ಬರುತ್ತದೆ ಎಂಬ ಖಾತ್ರಿ ಮಾತ್ರ ಅವರು ಕೊಡಲಿಲ್ಲ.

ಮುಂದಿನ ದಿನಗಳು ಕೆಟ್ಟವು. ಗುಳಿಗೆಗಳಿಂದ ಮುಖ ಊದಿಕೊಂಡಿತು, ನಿದ್ದೆ ಹತ್ತುತ್ತಿರಲಿಲ್ಲ. ಕಿವಿಯೊಳಗೇ ಸೂಜಿ ಚುಚ್ಚಿದರು. ನನಗೆ ಭಯವಾಗಿತ್ತು. ನೋವಿಗಲ್ಲ. ಒಂದು ಕಿವಿಯಲ್ಲೂ ಹಾಡು ಕೇಳಬಹುದು, ಅದು ನನಗೆ ಗೊತ್ತು. ಆದರೆ ನಾಲ್ವರು ನನ್ನ ಸುತ್ತ ಕೂತು ಬಾರಿಸುತ್ತಿದ್ದಾರೆ ಎಂಬ ಆ ಸುಖ ಇನ್ನು ಮುಗಿಯಿತೇ ಎಂದು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೇನೆ.

ಗುಂಪಿನಲ್ಲಿ ಆಗ ವಾದಗಳೇ ನಿಂತಿದ್ದವು. ಬೆಳಿಗ್ಗೆ ರಾಯರದೊಂದು ಮೆಸೇಜ್ ಬರುತ್ತಿತ್ತು: ‘ಡ್ರಮ್ಸ್?’ ನಾನು ಬಲಗಿವಿಗೆ ಮಾತ್ರ ಇಯರ್‌ಫೋನ್ ಹಾಕಿಕೊಂಡು ಕೇಳಿ, ‘ಇಲ್ಲ’ ಎಂದು ಬರೆಯುತ್ತಿದ್ದೆ. ಅವರು ‘ಆಗಲಿ, ನಾಳೆ ನೋಡೋಣು’ ಎನ್ನುತ್ತಿದ್ದರು. ಒಂದು ಬೆಳಿಗ್ಗೆ, ಪಕ್ಕದ ಮನೆಯಲ್ಲಿ ಯಾರೋ ಒಗ್ಗರಣೆ ಹಾಕಿದಷ್ಟು ಸಣ್ಣಗೆ, ತಾಳದ ತಟ್ಟೆಯ ಚುಂಯ್ ಕೇಳಿತು. ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡು ‘ಬಂತ್ರಿ’ ಎಂದು ಬರೆದೆ.

ಪೂರ್ತಿ ಮೊದಲಿನಂತಾಗಿಲ್ಲ. ಗದ್ದಲದಲ್ಲಿ ಮಾತು ಹಿಡಿಯುವುದು ಈಗಲೂ ಕಷ್ಟ. ಆದರೆ ಬಹುಪಾಲು ಮರಳಿ ಬಂದಿದೆ. ಸ್ವಲ್ಪ ಚೇತರಿಸಿಕೊಂಡ ಮೇಲೆ ಶೇಂಗಾ ಹೋಳಿಗೆ ಮಾಡಿಕೊಂಡು ಹಬ್ಸಿಗುಡಕ್ಕೆ ಹೋದೆ. ರಾಯರು ಮನೆಯಲ್ಲಿರಲಿಲ್ಲ. ಸುಮಿತ್ರಾ ವೈನಿಯ ಕೇಳುವ ಬದಿ ಯಾವುದೆಂದು ಕೇಳಿ, ಅಲ್ಲೇ ಹತ್ತಿರ ಕೂತೆ. ರಾಯರು ಅವತ್ತು ಎಬ್ಬಿಸಿಕೊಂಡು ಹೋಗದಿದ್ದರೆ ನನ್ನ ಗತಿ ಏನಾಗುತ್ತಿತ್ತೋ ಎಂದೆ.

ವೈನಿ ಸೆರಗು ಸರಿಪಡಿಸಿಕೊಂಡು ಹೇಳಿದರು: “ನನ್ನ ಕಿವಿ ಕಟ್ಟಿದಾಗ ಎಣ್ಣಿ ಕಾಸಿ ತಂದವರು ಇವರ. ನಾಳಿ ಹೋಗೂಣು, ನಾಡದ ಹೋಗೂಣು ಅಂದವರೂ ಇವರ. ನಾ ಯಾವತ್ತೂ ಏನೂ ಅಂದಿಲ್ರಿ. ಅವರೂ ಆ ಮಾತು ಎತ್ತಿಲ್ಲ. ನಿಮ್ಮನ್ನ ದವಾಖಾನಿಗೆ ಬಿಟ್ಟು ಬಂದ ದಿನ ಇಲ್ಲೇ ಕುಂತು, ‘ನಿನಗ ಮಾಡಬೇಕಾದ್ದು ಇವತ್ತ ಅವರಿಗೆ ಮಾಡಿ ಬಂದೆ’ ಅಂದ್ರು. ಅಂದು ಅತ್ತರು.”

ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ರಾಯರಿಗೆ ನೂರು ಸಲ ಥ್ಯಾಂಕ್ಸ್ ಹೇಳಿದ್ದೇನೆ, ಅವರೊಡನೆ ಜಗಳವನ್ನೂ ಮತ್ತೆ ಶುರು ಮಾಡಿದ್ದೇನೆ. ಆದರೆ ನನ್ನ ಬಲಗಿವಿ ಉಳಿದದ್ದು ವೈನಿಯ ಕಿವಿ ಹೋದದ್ದರಿಂದ. ಆ ಋಣವನ್ನು ಅವರ ಮುಂದೆ ಹೇಗೆ ಹೇಳಬೇಕು ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ.